ಶ್ರುತಿ ಇಳಿಸೋಣ, ಎಲ್ಲರೂ ಹಾಡಲಿ



ಹಿರಿಯ ನಾಗರಿಕರ ಕೂಟಗಳಲ್ಲಿ ಹಳೆಯ ಹಾಡುಗಳ ಕಾರ್ಯಕ್ರಮವೆಂದರೆ ಈಗ ಬಹುಪಾಲು ಕರೋಕೆ. ಒಬ್ಬರು ಮೈಕ್ ಹಿಡಿಯುತ್ತಾರೆ, ಉಳಿದವರು ಸರದಿ ಕಾಯುತ್ತಾರೆ. ಸಂಕೋಚದವರ ಸರದಿ ಬರುವುದೇ ಇಲ್ಲ. ನಾನು ಕೇಳುತ್ತಿರುವುದು ಎಲ್ಲರೂ ಒಟ್ಟಿಗೆ ಹಾಡುವ ಕೂಟ. ಭಜನೆ ಮಾಡಿದ ಊರುಗಳಿಗೆ ಇದನ್ನು ಹೊಸದಾಗಿ ಕಲಿಸಬೇಕಿಲ್ಲ.

ದೊಡ್ಡ ಅಡ್ಡಿ ಶ್ರುತಿಯದು. ವಯಸ್ಸಾದಂತೆ ಹೆಂಗಸರ ದನಿ ತಗ್ಗುತ್ತದೆ, ಎಲ್ಲರ ಉಸಿರೂ ಮೊಟಕಾಗುತ್ತದೆ. ಟ್ರ್ಯಾಕ್ ಮಾತ್ರ ಸಾಮಾನ್ಯವಾಗಿ ಎಸ್. ಜಾನಕಿ, ಪಿ. ಸುಶೀಲಾ ಹರೆಯದಲ್ಲಿ ಹಾಡಿದ ಶ್ರುತಿಯಲ್ಲೇ ಓಡುತ್ತದೆ. ಒಂದು ಕೂಟದಲ್ಲಿ ಮುಂದಿನ ಸಾಲಿನ ಅಜ್ಜಿಯೊಬ್ಬರು ಹಾಡಿನುದ್ದಕ್ಕೂ ಬರೀ ತುಟಿ ಆಡಿಸುತ್ತಿದ್ದರು. ಹಾರ್ಮೋನಿಯಂನವರು ಅದನ್ನು ಗಮನಿಸಿ, ಎರಡು ಮನೆ ಇಳಿಸಿ ಅದೇ ಹಾಡನ್ನು ಮತ್ತೆ ಶುರುಮಾಡಿದರು. ಚರಣಕ್ಕೆ ಬರುವಷ್ಟರಲ್ಲಿ ಅಜ್ಜಿಯ ದನಿ ಹಿಂದಿನ ಸಾಲಿಗೂ ಕೇಳಿಸಿತು. ಮುಂದಿನ ಹಾಡಿನ ಪಲ್ಲವಿ ಎತ್ತಿಕೊಂಡವರು ಅವರೇ!

ಹಾಡು ಆರಿಸುವಾಗ ಪಿ.ಬಿ. ಶ್ರೀನಿವಾಸ್ ಅವರನ್ನು ಮರೆಯಬೇಡಿ. ಅವರ ಹಾಡುಗಳು ತಗ್ಗಿನಲ್ಲೇ ನಿಂತು, ಅವಸರವಿಲ್ಲದೆ ಸಾಗುತ್ತವೆ. 1960ರ ‘ಭಕ್ತ ಕನಕದಾಸ’ ಚಿತ್ರದಲ್ಲಿ ಅವರು ಹಾಡಿದ ಕನಕದಾಸರ ಕೀರ್ತನೆಯನ್ನೇ ತೆಗೆದುಕೊಳ್ಳಿ: ಸಿನಿಮಾ ನೋಡಿದವರಿಗೂ ಗೊತ್ತು, ಭಜನೆಗೆ ಮಾತ್ರ ಹೋಗುತ್ತಿದ್ದವರಿಗೂ ಗೊತ್ತು. ಕಾಳಿಂಗರಾಯರು, ಮೈಸೂರು ಅನಂತಸ್ವಾಮಿ ಮನೆಮನೆಗೆ ಮುಟ್ಟಿಸಿದ ಭಾವಗೀತೆಗಳೂ ಇರಲಿ.

ಮರೆವಿನ ಕಾಯಿಲೆ ಇರುವವರನ್ನೂ ಕರೆತನ್ನಿ. ಹೊಸದೆಲ್ಲ ಅಳಿಸಿಹೋದರೂ ಹರೆಯದಲ್ಲಿ ಕಲಿತ ಹಾಡು ಎಷ್ಟೋ ಕಾಲ ಉಳಿಯುವುದುಂಟು. ಹಾಡಿದರೆ ಕಾಯಿಲೆ ವಾಸಿಯಾಗುತ್ತದೆ ಎಂದು ಯಾರೂ ಆಸೆ ಹುಟ್ಟಿಸಬಾರದು. ಆದರೆ ಮಗಳ ಹೆಸರಿಗೆ ತಡವರಿಸುವ ತಂದೆ ಇಡೀ ಚರಣವನ್ನು ತಪ್ಪಿಲ್ಲದೆ ಹಾಡಿದರೆ, ಆ ಮಗಳಿಗೆ ಅದು ಸಣ್ಣ ಸಂಗತಿಯಲ್ಲ.

ಇನ್ನು ಸಾಹಿತ್ಯದ ಹಾಳೆ. ಪಲ್ಲವಿ ಎಲ್ಲರಿಗೂ ಬರುತ್ತದೆ, ಎರಡನೆಯ ಚರಣದಲ್ಲಿ ಅರ್ಧ ಸಭೆ ಮೌನ. ಹಾಳೆಗೊಂದೇ ಹಾಡು, ದಪ್ಪ ಅಕ್ಷರ, ಉಸಿರು ತೆಗೆದುಕೊಳ್ಳುವ ಕಡೆ ಸಾಲು ಮುರಿದಿರಬೇಕು. ಮೊಬೈಲ್ ನೋಡಿ ಹಾಡಿ ಎಂದರೆ ಕನ್ನಡಕ ಹುಡುಕುವುದರಲ್ಲೇ ಹಾಡು ಮುಗಿಯುತ್ತದೆ.

ಈ ಸಭೆಯಲ್ಲಿ ಹಾರ್ಮೋನಿಯಂ ನುಡಿಸುವವರಿದ್ದೀರಿ, ಕನ್ನಡ ಟೈಪಿಂಗ್ ಬಲ್ಲ ಹುಡುಗರಿದ್ದೀರಿ. ತಿಂಗಳಿಗೊಂದು ಸಂಜೆ ಕೊಡಿ. ಕಾರ್ಯಕ್ರಮ ಮುಗಿದ ಮೇಲೆ ನಿಮ್ಮ ಹೆಸರು ಬರೆಸಿ ಹೋಗಬೇಕೆಂದು ಕೇಳಿಕೊಳ್ಳುತ್ತೇನೆ.