ತಿಂಗಳು ತುಂಬದ ಕೂಸು



ಅಳ್ನಾವರದ ನಮ್ಮ ಕುಟುಂಬವೊಂದು, ತಿಂಗಳು ತುಂಬುವ ಮುನ್ನವೇ ಜನಿಸಿದ ತಮ್ಮ ಕೂಸು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಬದುಕಿ ಉಳಿದುದಕ್ಕಾಗಿ ಇಂದು ಕೃತಜ್ಞತಾ ಬಲಿಪೂಜೆಯನ್ನು ಒಪ್ಪಿಸಿದೆ. ವೈದ್ಯರನ್ನೂ ದಾದಿಯರನ್ನೂ ಸ್ಮರಿಸುವುದು ಯುಕ್ತವೇ ಸರಿ. ಆದರೆ ಹಗಲಿರುಳು ಕೂಸನ್ನು ಎದೆಗವಚಿಕೊಂಡು ಕುಳಿತ ತಾಯಿಯನ್ನೂ, ಆಕೆ ಉಣ್ಣಲೆದ್ದಾಗ ಆ ಸ್ಥಾನಕ್ಕೆ ಬಂದ ಅಜ್ಜಿಯನ್ನೂ ನಾವು ಮರೆಯಲಾಗದು.

37 ವಾರ ತುಂಬದೆ ಹುಟ್ಟಿದ ಶಿಶುವಿನ ಮೈಯಲ್ಲಿ ಕೊಬ್ಬು ಕಡಿಮೆ. ಮೈ ಬೇಗನೆ ತಣ್ಣಗಾಗುತ್ತದೆ. 1978ರಲ್ಲಿ ಕೊಲಂಬಿಯ ದೇಶದ ಬೊಗೊಟಾ ನಗರದಲ್ಲಿ, ಕಾವು ಕೊಡುವ ಪೆಟ್ಟಿಗೆಗಳು ಸಾಲದಾದಾಗ, ಡಾ. ಎಡ್ಗರ್ ರೇ ಅವರು ಶಿಶುವನ್ನು ತಾಯಿಯ ಎದೆಯ ಮೇಲೆಯೇ ಇರಿಸುವ ಕ್ರಮವನ್ನು ಆರಂಭಿಸಿದರು. ಕಾಂಗರೂ ಆರೈಕೆಯೆಂಬ ಹೆಸರು ವಿಚಿತ್ರವೆನಿಸೀತು; ನಮ್ಮ ಅಜ್ಜಿಯರಿಗೆ ಆ ಕೆಲಸವೇನೂ ಹೊಸತಲ್ಲ. ಭಾರತವೂ ಸೇರಿದಂತೆ ಐದು ದೇಶಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನವು, ಶಿಶು ಚೇತರಿಸಿಕೊಳ್ಳಲೆಂದು ಕಾಯದೆ ಹುಟ್ಟಿದ ಕೂಡಲೇ ಇದನ್ನು ಆರಂಭಿಸಿದರೆ ಮರಣಗಳು ಕಾಲುಭಾಗದಷ್ಟು ತಗ್ಗುವುವೆಂದು ತೋರಿಸಿತು.

ಶತಮಾನೋತ್ಸವದ ನೆನಪಿಗೆಂದು ಈ ಕುಟುಂಬದವರು ದೇವಾಲಯಕ್ಕೆ ದೀಪಸ್ತಂಭವೊಂದನ್ನು ಅರ್ಪಿಸಬಯಸಿದ್ದರು. ನಾವು ಬೇರೊಂದು ಸಲಹೆಯಿತ್ತೆವು: ಕೂಲಿ ಬಿಟ್ಟು, ಕೂಸಿನೊಡನೆ ವಾರಗಟ್ಟಲೆ ಆಸ್ಪತ್ರೆಯಲ್ಲಿ ಉಳಿಯಬೇಕಾದ ಬಡ ತಾಯಿಯ ಊಟಕ್ಕೂ ಮನೆಯವರ ಬಸ್ ಖರ್ಚಿಗೂ ಆ ಹಣ ಸಲ್ಲಲಿ. ಅವರು ಸಂತೋಷದಿಂದ ಒಪ್ಪಿದರು. ಅದಕ್ಕೆಂದೇ ಒಂದು ಕಾಣಿಕೆ ಪೆಟ್ಟಿಗೆಯು ಮುಂದಿನ ಭಾನುವಾರದಿಂದ ದೇವಾಲಯದ ಬಾಗಿಲಲ್ಲಿರುವುದು.