ಹೊಲದೊಳಗಿನ ಮರ

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ದಿಲ್ಲಿಯಲ್ಲಿ ಉದ್ಯೋಗ, ಊರಿನಲ್ಲಿ ನಾಲ್ಕು ಎಕರೆ ಹೊಲ, ಇಂಥವರು ಈ ಸಭೆಯಲ್ಲಿ ಹಲವರಿದ್ದೀರಿ. ನೋಡಿಕೊಳ್ಳುವವರಿಲ್ಲ, ಮರ ಹಾಕಿಬಿಡೋಣವೆ ಎಂದು ಕೇಳುವವರೂ ನೀವೇ.

ಹೊಲದಲ್ಲಿ ನಿಂತ ಮರ ಬೆಳೆಯ ಬಿಸಿಲಿನಲ್ಲಿಯೂ ನೀರಿನಲ್ಲಿಯೂ ಪಾಲು ಕೇಳಿಯೇ ಕೇಳುವುದು. ಯಾವ ಕಾಲದಲ್ಲಿ ಕೇಳುವುದು ಎಂಬುದರ ಮೇಲೆ ಲಾಭನಷ್ಟ. ಇಲ್ಲಿಂದ ಯಮುನಾನಗರದ ಕಡೆ ಹೋದವರು ಗೋಧಿಯ ನಡುವೆ ಸಾಲಾಗಿ ನಿಂತ ಪಾಪ್ಲರ್ ಮರಗಳನ್ನು ಕಂಡಿರಬೇಕು. ಚಳಿಗಾಲದಲ್ಲಿ ಅವು ಬೋಳು. ನವೆಂಬರಿನಲ್ಲಿ ಬಿತ್ತಿದ ಗೋಧಿಗೆ ಬಿಸಿಲು ಧಾರಾಳ. ಮರ ಚಿಗುರುವ ಮಾರ್ಚಿಗೆ ಕಾಳು ಕಟ್ಟಿರುತ್ತದೆ. ಆದರೂ ಮರ ಬಲಿತಂತೆ ಇಳುವರಿ ತಗ್ಗುವುದು. ಮಳೆಗಾಲದಲ್ಲಂತೂ ಅರಿಸಿನದಂಥ ನೆರಳು ತಾಳುವ ಬೆಳೆಯೇ ಗತಿ. ಆರೆಂಟು ವರ್ಷಕ್ಕೆ ಮರ ಕಡಿದ ಹಣ ಈ ನಷ್ಟವನ್ನು ತುಂಬಬೇಕು. ತುಂಬುವುದು, ಪಕ್ಕದಲ್ಲೇ ಪ್ಲೈವುಡ್ ಕಾರ್ಖಾನೆಗಳೂ ಹೊಲಕ್ಕೆ ನೀರೂ ಇರುವುದರಿಂದ. ಎಲ್ಲರೂ ಒಟ್ಟಿಗೆ ಕಡಿದಾಗ ಬೆಲೆ ಬಿದ್ದು ಕೈ ಸುಟ್ಟುಕೊಂಡದ್ದೂ ಉಂಟು.

ನಮ್ಮ ಕೋಲಾರದ ಕಡೆ ಆ ಉಪಾಯ ನಡೆಯದು. ರಾಗಿ ಮುಂಗಾರಿನ ಬೆಳೆ. ಮರಕ್ಕೂ ಅದೇ ಎಲೆಯ ಕಾಲ. ನೀವು ಈಗ ಕೇಳುವ ಹೆಬ್ಬೇವಿಗೂ ಈ ಮಾತು ಸಲ್ಲುವುದು. 1974ರಲ್ಲಿ ಗೇಣಿ ಪದ್ಧತಿ ನಿಂತ ಮೇಲೆ ಹೊಲವನ್ನು ಇನ್ನೊಬ್ಬರ ಕೈಗೆ ಕೊಡಲು ಊರು ಬಿಟ್ಟವರಿಗೆ ಅಂಜಿಕೆ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಸಸಿಗಳು ಸಿಕ್ಕವು. ನೀಲಗಿರಿ ನೆಟ್ಟರು. ದನ ಮುಟ್ಟುವುದಿಲ್ಲ, ಕಾವಲು ಬೇಡ, ಕಡಿದರೆ ಬುಡವೇ ಮತ್ತೆ ಚಿಗುರುವುದು. ಒಡೆಯನ ಲೆಕ್ಕ ತಪ್ಪಲ್ಲ. ಆದರೆ ರಾಗಿಗೆ ತೇವ ಬೇಕಾದ ದಿನವೇ ನೀಲಗಿರಿಯ ಬೇರು ಬದುವಿನಾಚೆ ಹೋಗಿ ಕುಡಿದಿರುತ್ತದೆ. ಆ ನಷ್ಟ ಬೀಳುವುದು ಊರಲ್ಲೇ ಉಳಿದ ನೆರೆಯವನ ಮೇಲೆ, ಎಷ್ಟೋ ವೇಳೆ ನಮ್ಮ ಒಡಹುಟ್ಟಿದವನ ಮೇಲೆ. ಅಣ್ಣನ ಹೊಲಕ್ಕೆ ಹೊಂದಿಕೊಂಡಂತೆ ನಾನೇ ಹಾಕಿಸಿದ್ದೆ. ಅಣ್ಣ ಒಂದು ಮಾತೂ ಆಡಲಿಲ್ಲ, ಅತ್ತಿಗೆ ಆಡಿದರು. ಬದುವಿನ ಪಕ್ಕದ ನಾಲ್ಕಾರು ಸಾಲು ಕೊಯ್ಯಲು ಕೂಲಿಯೂ ಹುಟ್ಟುವುದಿಲ್ಲವಂತೆ. ನಡುವೆ ಆಳವಾದ ಕಂದಕ ತೋಡಿಸಿ ಬೇರು ಕಡಿಸಿದ್ದರೆ ಅಷ್ಟಾದರೂ ಉಳಿಯುತ್ತಿತ್ತು.

2017ರಲ್ಲಿ ಕರ್ನಾಟಕ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ನಾನು ಕಡಿಸಿ ಬುಡ ಕೀಳಿಸಿದಾಗ, ಮರ ಮಾರಿದ ಹಣದಲ್ಲಿ ದೊಡ್ಡ ಪಾಲು ಯಂತ್ರದ ಬಾಡಿಗೆಗೇ ಹೋಯಿತು. ಮರ ಹಾಕುವವರು ಆ ಖರ್ಚನ್ನೂ ಮೊದಲೇ ಬರೆದಿಟ್ಟುಕೊಳ್ಳಿರಿ.

ಈಗ ಬದುವಿನ ಮೇಲೆ ಹೊಂಗೆ ಇದೆ. ಹಣ ಬಹಳವಿಲ್ಲ. ಸೊಪ್ಪು ಗದ್ದೆಗೆ, ಬೀಜ ಗಾಣಕ್ಕೆ. ಮಳೆಗೆ ಮುಂಚೆ ಕೊಂಬೆ ಸವರದಿದ್ದರೆ ಅದರ ನೆರಳೂ ರಾಗಿಗೆ ಕೇಡೇ. ಸವರುವವರು ಅತ್ತಿಗೆ, ಸೊಪ್ಪೂ ಅವರದೇ ಎಂದು ಒಪ್ಪಂದ.