ವರ್ಷ ಕಳೆದ ಮೇಲೆ ರೋಗಿ ಹೇಗಿದ್ದಾನೆ?

ಥಿಯೇಟರಿನ ಬಾಗಿಲು ತೆರೆದು ಡಾಕ್ಟರು "ಆಪರೇಷನ್ ಸಕ್ಸಸ್" ಅಂದರೆ ಸಾಕು, ಹೊರಗೆ ಕಾದವರಿಗೆ ಹೋದ ಜೀವ ಬಂದಂತಾಗುತ್ತದೆ. ನೂರು ವರ್ಷಕ್ಕೂ ಹಿಂದೆ ಅಮೆರಿಕದ ಬಾಸ್ಟನ್ನಿನಲ್ಲಿದ್ದ ಸರ್ಜನ್ ಅರ್ನೆಸ್ಟ್ ಎಮರಿ ಕಾಡ್‌ಮನ್‌ಗೆ ಮಾತ್ರ ಅಷ್ಟು ಸಾಲುತ್ತಿರಲಿಲ್ಲ. ವರ್ಷ ಕಳೆದ ಮೇಲೆ ರೋಗಿ ಹೇಗಿದ್ದಾನೆ, ಅದು ಅವನ ಪ್ರಶ್ನೆ.

ಲೆಕ್ಕ ಇಡುವ ಚಟ ಹಾರ್ವರ್ಡಿನಲ್ಲಿ ಓದುವಾಗಲೇ ಅಂಟಿತ್ತು. ಆಗ ಈಥರ್ ಕೊಟ್ಟು ಮತ್ತು ಬರಿಸುವುದು ವಿದ್ಯಾರ್ಥಿಗಳ ಕೆಲಸ. ರೋಗಿ ಮೇಜಿನ ಮೇಲೇ ಸತ್ತದ್ದೂ ಉಂಟು. ಯಾರ ಕೈಯಲ್ಲಿ ರೋಗಿ ಕ್ಷೇಮ ಎಂದು ಕಾಡ್‌ಮನ್ ಮತ್ತು ಗೆಳೆಯ ಹಾರ್ವಿ ಕುಶಿಂಗ್ ಒಂದು ಊಟದ ಪಂಥ ಕಟ್ಟಿದರು. ಇಬ್ಬರೂ ನಾಡಿ, ಉಸಿರುಗಳನ್ನು ಕಾಗದದ ಮೇಲೆ ಗುರುತು ಹಾಕತೊಡಗಿದರು.

1911ರಲ್ಲಿ ಕಾಡ್‌ಮನ್ ತನ್ನದೇ ಪುಟ್ಟ ಆಸ್ಪತ್ರೆ ತೆರೆದ. ರೋಗಿಗೊಂದು ಕಾರ್ಡು: ಬಂದ ಕಾಯಿಲೆ, ಮಾಡಿದ ಚಿಕಿತ್ಸೆ, ವರ್ಷದ ನಂತರದ ಸ್ಥಿತಿ. ಗುಣವಾಗಿಲ್ಲವೇ? ಕೈಚಳಕದ ದೋಷವೋ, ತೀರ್ಮಾನದ ದೋಷವೋ, ರೋಗವೇ ಬಗ್ಗದ್ದೋ, ಅದನ್ನೂ ಬರೆಯಬೇಕು. 1916ರ ಹೊತ್ತಿಗೆ ರೋಗಿಗಳು 337, ತಪ್ಪುಗಳು 123. ಇದನ್ನು ಅವನು ಬಚ್ಚಿಡಲಿಲ್ಲ. ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿ ಆಸ್ಪತ್ರೆಗಳಿಗೆ ಹಂಚಿದ!

ಅವನು ಕೆಲಸದಲ್ಲಿದ್ದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಬಡ್ತಿ ಸಿಗುತ್ತಿದ್ದದ್ದು ಸೇವಾ ಹಿರಿತನಕ್ಕೆ. ಅದನ್ನು ವಿರೋಧಿಸಿ 1914ರಲ್ಲಿ ರಾಜೀನಾಮೆ ಕೊಟ್ಟವನು, ನನ್ನ ಫಲಿತಾಂಶವೇ ಮೇಲು, ನನ್ನನ್ನೇ ಮುಖ್ಯ ಸರ್ಜನ್ ಮಾಡಿ ಎಂದು ಅರ್ಜಿಯನ್ನೂ ಹಾಕಿದ.

1915ರ ಜನವರಿಯಲ್ಲಿ ವೈದ್ಯರ ಸಭೆ. ಮೇಯರ್ ಕೂಡ ಬಂದಿದ್ದರು. ಕಾಡ್‌ಮನ್ ದೊಡ್ಡದೊಂದು ವ್ಯಂಗ್ಯಚಿತ್ರ ಬಿಚ್ಚಿ ತೋರಿಸಿದ. ಮರಳಿನಲ್ಲಿ ತಲೆ ಹುಗಿದ ಆಸ್ಟ್ರಿಚ್ ಹಕ್ಕಿ. ಅದು ಊರಿನ ಸಿರಿವಂತರು. ಅದು ಕಾಲಿನಿಂದ ಹಿಂದಕ್ಕೆ ಒದ್ದ ಚಿನ್ನದ ಮೊಟ್ಟೆಗಳೆಲ್ಲ ಡಾಕ್ಟರುಗಳ ಪಾಲು! ಸಭೆ ಕೆರಳಿತು. ವೈದ್ಯರ ಸಂಘದ ಸರ್ಜರಿ ವಿಭಾಗದ ಅಧ್ಯಕ್ಷಗಿರಿ ಹೋಯಿತು, ಹಾರ್ವರ್ಡಿನ ಕೆಲಸವೂ ಹೋಯಿತು.

ಅವನ ವಿಚಾರ ಮಾತ್ರ ಅಮೆರಿಕದ ಸರ್ಜನ್ನರ ಕಾಲೇಜನ್ನು ಆಗಲೇ ಹೊಕ್ಕಿತ್ತು. ಕಾಲೇಜು 692 ದೊಡ್ಡ ಆಸ್ಪತ್ರೆಗಳನ್ನು ತಪಾಸಣೆ ಮಾಡಿಸಿತು. ಕನಿಷ್ಠ ಮಟ್ಟ ಮುಟ್ಟಿದ್ದು 89. 1919ರಲ್ಲಿ ಆ ಪಟ್ಟಿ ಪತ್ರಿಕೆಗಳಿಗೆ ಸಿಕ್ಕೀತೆಂದು ಹೆದರಿ, ನ್ಯೂಯಾರ್ಕಿನ ವಾಲ್ಡಾರ್ಫ್ ಹೋಟೆಲಿನ ಕುಲುಮೆಗೆ ಹಾಕಿ ಸುಟ್ಟೇಬಿಟ್ಟರು.

ಕಾಡ್‌ಮನ್ 1940ರಲ್ಲಿ ತೀರಿಕೊಂಡ. 1990ರ ದಶಕದಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳು ಶಸ್ತ್ರಚಿಕಿತ್ಸೆಯ ಫಲಿತಾಂಶವನ್ನು ಕ್ರಮವಾಗಿ ಅಳೆಯತೊಡಗಿದವು. ಸರ್ಜನ್ನರ ಕಾಲೇಜು ಅದೇ ಪದ್ಧತಿಯನ್ನು ಬೇರೆ ಆಸ್ಪತ್ರೆಗಳಿಗೂ ಒಯ್ದಿತು. ಅಲ್ಲಿ ರೋಗಿಯ ಲೆಕ್ಕ 30 ದಿನಕ್ಕೆ ಮುಗಿಯುತ್ತದೆ. ಕಾಡ್‌ಮನ್ ಕೇಳಿದ್ದು ಒಂದು ವರ್ಷದ ಲೆಕ್ಕ.